ಕಾಣುವ ಟ್ಯೂಬು, ಕಾಯುವ ಟ್ಯೂಬು

ಹೋದ ವರ್ಷ ಯುಗಾದಿಗೆ ಮುಂಚೆ ನಮ್ಮ ಮನೆಯಲ್ಲಿ ಹುಣಸೆ ಗೊಜ್ಜು ಮಾಡಿ 100 ಗ್ರಾಮಿನ 200 ಟ್ಯೂಬ್ ತುಂಬಿದೆವು. ಎರಡು ತಿಂಗಳು ಕಳೆಯುವಷ್ಟರಲ್ಲಿ 63 ಟ್ಯೂಬ್ ಅಂಗಡಿಯಿಂದ ವಾಪಸು ಬಂದವು. ಗೊಜ್ಜು ಕಪ್ಪಾಗಿತ್ತು, ಎಣ್ಣೆ ಕಮಟು ಹೊಡೆದಿತ್ತು. ಮಾಡಿದ್ದರಲ್ಲಿ ತಪ್ಪೋ, ತುಂಬಿದ್ದರಲ್ಲಿ ತಪ್ಪೋ ಅಂತ ಹುಡುಕುತ್ತಾ ಹೋಗಿ ಕಲಿತ ಪಾಠ ಇದು. ಗೊಜ್ಜು, ಚಟ್ನಿ, ಉಪ್ಪಿನಕಾಯಿ ಮಾಡಿ ಮಾರುವ ರೈತರು ಟ್ಯೂಬಿಗೆ ದುಡ್ಡು ಹಾಕುವ ಮುಂಚೆ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಹಾರೋಹಳ್ಳಿ ಸೀಮೆಯ ಮಳೆ ನಂಬಿದ ಹೊಲ. ರಾಗಿ, ಅವರೆ, ಹುರುಳಿ. ಬದುವಿನಲ್ಲಿ ಏಳು ಹುಣಸೆ ಮರ ಇವೆ. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಈ ಏಳು ಮರಗಳೇ. ಹಣ್ಣು ಬಡಿಯುವ ಕಾಲದಲ್ಲಿ ಎಲ್ಲರ ಹಣ್ಣೂ ಒಟ್ಟಿಗೆ ಬರುತ್ತೆ, ವ್ಯಾಪಾರಿ ಹೇಳಿದ್ದೇ ರೇಟು. ಅದಕ್ಕೇ ನಮ್ಮ ಮನೆಯವಳು ಸಂಘದಲ್ಲಿ ಸಾಲ ತೆಗೆದು ಪುಳಿಯೋಗರೆ ಗೊಜ್ಜು ಶುರು ಮಾಡಿದಳು. ಬಾಟಲಿ ಒಡೆಯುತ್ತೆ, ಬಸ್ಸಿನಲ್ಲಿ ಸಾಗಿಸಲು ಭಾರ. ಟ್ಯೂಬ್ ಹಗುರ, ಹಿಂಡಿದರೆ ಬೇಕಾದಷ್ಟೇ ಬರುತ್ತೆ. ಅಂಗಡಿಯವರು, "ಯಜಮಾನ್ರೇ, ಒಳಗಿನ ಮಾಲು ಕಾಣಬೇಕು, ಕಾಣದಿದ್ರೆ ಯಾರೂ ಮುಟ್ಟಲ್ಲ" ಅಂದರು. ಕನ್ನಡಿಯಂಥ ಟ್ಯೂಬನ್ನೇ ತಂದೆವು. ಕೆಂಪಗೆ ಹೊಳೆಯುವ ಗೊಜ್ಜು ಕಂಡು ಜನ ಕೊಂಡದ್ದೂ ನಿಜ. ಅದೇ ಗೊಜ್ಜು ಕಪ್ಪಾದಾಗ ದೂರದಿಂದಲೇ ಕಂಡದ್ದೂ ನಿಜ!

ಕಪ್ಪು ಎಲ್ಲಿಂದ ಶುರುವಾಯಿತು?

ವಾಪಸು ಬಂದ ಟ್ಯೂಬುಗಳನ್ನು ಎಸೆಯದೆ ಒಂದೊಂದಾಗಿ ಬ್ಲೇಡಿನಿಂದ ಸೀಳಿ ನೋಡಿದೆ. ಬಹಳ ಟ್ಯೂಬುಗಳಲ್ಲಿ ಗೋಡೆಗೆ ಅಂಟಿದ ಗೊಜ್ಜು ಕಪ್ಪು, ನಡುವಿನದು ಇನ್ನೂ ಕೆಂಪು. ಅಡುಗೆಯಲ್ಲಿ ತಪ್ಪಿದ್ದರೆ ಇಡೀ ಗೊಜ್ಜು ಒಂದೇ ಸಮ ಕೆಡಬೇಕಿತ್ತು. ಅಂದರೆ ತೊಂದರೆ ಗೋಡೆ ದಾಟಿ ಒಳಗೆ ಬಂದಿದೆ.

ನನ್ನ ಅಕ್ಕನ ಮಗ ಇಲ್ಲೇ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ತೋರಿಸಿದೆ. "ಮಾವ, ಇದು ಒಂದೇ ಪದರದ್ದು. ನೀರು ನಿಲ್ಲಿಸುತ್ತೆ, ಗಾಳಿ ನಿಲ್ಲಿಸಲ್ಲ" ಅಂದ. ನನಗೆ ನಂಬಿಕೆ ಬರಲಿಲ್ಲ. ನೀರು ಹೋಗದ ಕಡೆ ಗಾಳಿ ಹೋಗುವುದು ಹೇಗೆ? ಆದರೆ ವಿಷಯ ಹಾಗೇ ಇದೆ. ನಮ್ಮ ಮಾಮೂಲಿ ಪಾಲಿಥೀನ್ ತೇವವನ್ನು ಚೆನ್ನಾಗಿ ತಡೆಯುತ್ತೆ. ಗಾಳಿಯಲ್ಲಿರುವ ಆಮ್ಲಜನಕ ಮಾತ್ರ ಅದರೊಳಗೆ ನಿಧಾನವಾಗಿ ನುಸುಳುತ್ತಾ ಇರುತ್ತೆ. ತೂತು ಬೇಕಿಲ್ಲ. ಆ ಆಮ್ಲಜನಕವೇ ಹುಣಸೆಯನ್ನು ಕಪ್ಪು ಮಾಡುತ್ತೆ, ಎಣ್ಣೆಯನ್ನು ಕಮಟು ಮಾಡುತ್ತೆ.

ನಮ್ಮ ಹಿರಿಯರಿಗೆ ಇದು ಗೊತ್ತಿಲ್ಲದ್ದೇನಲ್ಲ. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಜಾಡಿಯಲ್ಲಿ ಗಾಳಿ ನಿಲ್ಲದ ಹಾಗೆ ಅದುಮಿ ಇಡುತ್ತಿದ್ದರು. ರಾಗಿಯನ್ನು ಹಗೇವಿನಲ್ಲಿ ಹಾಕಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಹಗೇವು ತೆಗೆದ ಕೂಡಲೇ ಒಳಗೆ ಇಳಿಯಬೇಡಿ, ಗಾಳಿಯಾಡಲಿ ಅನ್ನುತ್ತಿದ್ದರು. ಒಳಗೆ ಉಸಿರಾಡುವ ಗಾಳಿ ಇರುತ್ತಿರಲಿಲ್ಲ, ಅದಕ್ಕೇ ರಾಗಿ ಉಳಿಯುತ್ತಿತ್ತು. ಆದರೆ ಜಾಡಿಯೊಳಗಿನದಾಗಲಿ ಹಗೇವಿನೊಳಗಿನದಾಗಲಿ ಕಣ್ಣಿಗೆ ಕಾಣುತ್ತಿರಲಿಲ್ಲ. ಈಗಿನ ಗಿರಾಕಿಗೆ ಕಾಣಬೇಕು, ಕೆಡಲೂ ಬಾರದು. ತೊಡಕು ಇರುವುದೇ ಇಲ್ಲಿ.

ಪದರಗಳ ಲೆಕ್ಕ

ಹಿಂಡುವ ಟ್ಯೂಬು ಹೊಸದೇನಲ್ಲ. 1841ರಲ್ಲಿ ಅಮೆರಿಕದ ಜಾನ್ ರ‍್ಯಾಂಡ್ ಎಂಬ ಚಿತ್ರಕಾರ ಬಣ್ಣ ಒಣಗದಿರಲಿ ಎಂದು ತವರದ ಟ್ಯೂಬ್ ಮಾಡಿದ. ನಮ್ಮ ಚಿಕ್ಕಂದಿನ ಹಲ್ಲುಪೇಸ್ಟು ಅಲ್ಯೂಮಿನಿಯಂ ಟ್ಯೂಬಿನಲ್ಲಿ ಬರುತ್ತಿತ್ತು, ಮಡಿಚಿದ ಕಡೆ ಸೀಳುತ್ತಿತ್ತು. 1982ರಲ್ಲಿ ಸ್ಥಾಪನೆಯಾದ ಎಸ್ಸೆಲ್ ಪ್ಯಾಕೇಜಿಂಗ್ ಕಂಪನಿ ನಮ್ಮ ದೇಶದಲ್ಲಿ ಪದರ ಪದರದ ಟ್ಯೂಬುಗಳನ್ನು ಬಳಕೆಗೆ ತಂದಿತು. ಈಗ ಸಿಗುವ ಟ್ಯೂಬುಗಳನ್ನು ನಮ್ಮಂಥವರು ಮೂರು ಜಾತಿ ಅಂತ ತಿಳಿದುಕೊಂಡರೆ ಸಾಕು.

1. ಒಂದೇ ಪದರದ ಪಾಲಿಥೀನ್ ಟ್ಯೂಬು. ಅಗ್ಗ. ತೇವ ತಡೆಯುತ್ತೆ, ಗಾಳಿ ತಡೆಯುವುದಿಲ್ಲ.

2. ನಡುವೆ ಅಲ್ಯೂಮಿನಿಯಂ ಹಾಳೆ ಇರುವ ಟ್ಯೂಬು. ಗಾಳಿ, ತೇವ, ಬೆಳಕು ಮೂರನ್ನೂ ತಡೆಯುತ್ತೆ. ಒಳಗಿನದು ಏನೂ ಕಾಣುವುದಿಲ್ಲ. ಅಡ್ಡಲಾಗಿ ಕತ್ತರಿಸಿದರೆ ಬೆಳ್ಳಿಗೆರೆ ಕಾಣುತ್ತೆ.

3. ನಡುವೆ ಗಾಳಿ ತಡೆಯುವ ಪ್ಲಾಸ್ಟಿಕ್ ಪದರ ಇರುವ ಟ್ಯೂಬು. ಈ ಪದರದ ಹೆಸರು ಎಥಿಲೀನ್ ವಿನೈಲ್ ಆಲ್ಕೋಹಾಲ್. ಕಾರ್ಖಾನೆಯವರು ಚುಟುಕಾಗಿ ಇವಿಓಹೆಚ್ ಅನ್ನುತ್ತಾರೆ. ಗಾಳಿಯನ್ನು ಪಾಲಿಥೀನಿಗಿಂತ ನೂರಾರು ಪಟ್ಟು ಚೆನ್ನಾಗಿ ತಡೆಯುತ್ತೆ. ಜೊತೆಗೆ ಪಾರದರ್ಶಕ.

ಹಾಗಾದರೆ ಇಡೀ ಟ್ಯೂಬನ್ನೇ ಇವಿಓಹೆಚ್‌ನಲ್ಲಿ ಮಾಡಬಾರದೇಕೆ ಅಂತ ಅಳಿಯನನ್ನು ಕೇಳಿದೆ. ಅದು ದುಬಾರಿ, ಜೊತೆಗೆ ಅದಕ್ಕೆ ನೀರು ಆಗದು. ತೇವ ಹೀರಿದರೆ ಅದರ ತಡೆ ಕುಗ್ಗುತ್ತೆ. ಅದಕ್ಕೇ ಎರಡು ಕಡೆ ಪಾಲಿಥೀನ್ ಹೊದಿಸಿ ನಡುವೆ ತೆಳ್ಳಗೆ ಇಡುತ್ತಾರೆ. ಇವೆರಡೂ ಒಂದಕ್ಕೊಂದು ಅಂಟುವುದಿಲ್ಲ, ಆದ್ದರಿಂದ ಮಧ್ಯೆ ಅಂಟು ಪದರ ಬೇಕು. ಹೊರ ಪಾಲಿಥೀನ್, ಅಂಟು, ಇವಿಓಹೆಚ್, ಅಂಟು, ಒಳ ಪಾಲಿಥೀನ್. ಒಟ್ಟು ಐದು ಪದರ. ಪಾಲಿಥೀನ್ ತೇವವನ್ನು ತಡೆದು ಇವಿಓಹೆಚ್ ಅನ್ನು ಕಾಯುತ್ತೆ, ಇವಿಓಹೆಚ್ ಗಾಳಿ ತಡೆದು ಮಾಲನ್ನು ಕಾಯುತ್ತೆ. ಜೋಡೆತ್ತಿನ ಹಾಗೆ, ಒಂದು ಬಿಟ್ಟರೆ ಇನ್ನೊಂದು ಎಳೆಯದು.

ಹೆಚ್ಚು ಕಾದರೆ ಮಬ್ಬು

ಇನ್ನೊಂದು ಸಂಗತಿ. ಪಾಲಿಥೀನಿನಲ್ಲಿ ಎರಡು ಬಗೆ. ಒಂದು ಮೆತ್ತಗಿನದು, ತಕ್ಕಮಟ್ಟಿಗೆ ತಿಳಿಯಾಗಿ ಕಾಣುತ್ತೆ. ಇನ್ನೊಂದು ಗಟ್ಟಿಯದು, ಹಾಲಿನ ಹಾಗೆ ಮಬ್ಬು. ಗಟ್ಟಿಯದರಲ್ಲಿ ಸಣ್ಣ ಸಣ್ಣ ಹರಳುಗಳು ಒತ್ತಾಗಿ ಕೂತಿರುತ್ತವೆ. ಒತ್ತಾಗಿರುವುದರಿಂದ ತೇವ ದಾಟುವುದು ಕಷ್ಟ. ಆದರೆ ಅದೇ ಹರಳುಗಳು ಬೆಳಕನ್ನು ಚೆದುರಿಸಿಬಿಡುತ್ತವೆ. ಕಲ್ಲುಸಕ್ಕರೆಯ ಒಂದು ಹರಳಿನ ಆಚೆ ಕಾಣುತ್ತೆ, ಅದನ್ನೇ ಕುಟ್ಟಿದರೆ ಬಿಳೀ ಪುಡಿ, ಆಚೆ ಏನೂ ಕಾಣುವುದಿಲ್ಲ. ಇಲ್ಲೂ ಹಾಗೇ.

ಟ್ಯೂಬಿನ ಗೋಡೆ ದಪ್ಪ ಮಾಡಿದರೂ ತಡೆ ಹೆಚ್ಚುತ್ತೆ, ಮಬ್ಬೂ ಹೆಚ್ಚುತ್ತೆ. ಆದ್ದರಿಂದ ಬರೀ ಪಾಲಿಥೀನ್ ದಪ್ಪ ಮಾಡಿ ಗಾಳಿ ನಿಲ್ಲಿಸುತ್ತೇನೆ ಅನ್ನುವುದು ಬೇಲಿಯ ಕಂಡಿ ಮುಚ್ಚದೆ ಬೇಲಿ ಎತ್ತರಿಸಿದ ಹಾಗೆ. ತೆಳ್ಳಗಿನ ಇವಿಓಹೆಚ್ ಪದರವೇ ಬೇಕು. ಆ ಪದರ ಎಲ್ಲ ಕಡೆ ಒಂದೇ ಸಮ ಹರಡಿರಬೇಕು. ಕೆಲವು ಟ್ಯೂಬುಗಳಲ್ಲಿ ಅಲೆ ಅಲೆಯಾಗಿ ಗೆರೆ ಕಾಣುತ್ತೆ. ಪದರಗಳು ಸರಿಯಾಗಿ ಕೂಡಿಲ್ಲದಿದ್ದರೂ ಹಾಗಾಗುತ್ತೆ. ಅಂಥದನ್ನು ಕೊಳ್ಳುವ ಮುಂಚೆ ಕೇಳಿ.

ನಾವು ಮಾಡಿದ ಪರೀಕ್ಷೆ

ಕೇಳಿ ತಿಳಿದದ್ದು ಸಾಲದು ಎಂದು ಮನೆಯಲ್ಲೇ ಪರೀಕ್ಷೆ ಮಾಡಿದೆವು. ಒಂದೇ ದಿನ, ಒಂದೇ ಬಾಣಲೆಯ ಗೊಜ್ಜು. ಮೂರು ಜಾತಿಯ ಟ್ಯೂಬು, ಜೊತೆಗೆ ಗಾಜಿನ ಬಾಟಲಿ. ಪ್ರತಿಯೊಂದರಲ್ಲೂ ಎಂಟೆಂಟು. ನಾಲ್ಕನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ನಾಲ್ಕನ್ನು ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೆವು. ತಾರೀಖು ಬರೆದು 30, 60, 90ನೇ ದಿನ ಒಂದೊಂದು ತೆಗೆದೆವು. ಮೂಸಿ ನೋಡುವವರಿಗೆ ಯಾವುದು ಯಾವುದು ಅಂತ ಹೇಳಲಿಲ್ಲ.

ಒಂದೇ ಪದರದ್ದು ಕಿಟಕಿಯಲ್ಲಿ 30 ದಿನಕ್ಕೇ ಗೋಡೆ ಸುತ್ತ ಕಪ್ಪಾಯಿತು. ಪೆಟ್ಟಿಗೆಯಲ್ಲಿದ್ದದ್ದೂ 60 ದಿನಕ್ಕೆ ಕಪ್ಪಾಗಿತ್ತು. ಅಲ್ಯೂಮಿನಿಯಂದು ಎರಡು ಕಡೆಯೂ 90 ದಿನ ಚೆನ್ನಾಗಿತ್ತು. ಐದು ಪದರದ ಪಾರದರ್ಶಕ ಟ್ಯೂಬು ಪೆಟ್ಟಿಗೆಯಲ್ಲಿ 90 ದಿನ ನಿಂತಿತು. ಆದರೆ ಕಿಟಕಿಯಲ್ಲಿದ್ದದ್ದಕ್ಕೆ 60 ದಿನಕ್ಕೆ ಕಮಟು ವಾಸನೆ ಬಂದಿತ್ತು. ನಮಗೆ ಆಶ್ಚರ್ಯವಾದದ್ದು, ಕಿಟಕಿಯ ಗಾಜಿನ ಬಾಟಲಿಯದೂ ಅದೇ ಕಥೆ. ಗಾಜು ಗಾಳಿ ಬಿಡುವುದಿಲ್ಲ, ಆದರೂ ಕೆಟ್ಟಿತು. ಅಲ್ಲಿಗೆ ಬೆಳಕು ಬೇರೆ ಕಳ್ಳ, ಗಾಳಿ ಬೇರೆ ಕಳ್ಳ ಅಂತ ಗೊತ್ತಾಯಿತು. ಕಾಣುವ ಟ್ಯೂಬಿಗೆ ಎಷ್ಟೇ ಒಳ್ಳೆಯ ಪದರ ಹಾಕಿದರೂ ಬೆಳಕನ್ನು ನಾವೇ ಒಳಗೆ ಕರೆದ ಹಾಗೆ.

ಕೆಟ್ಟ ಟ್ಯೂಬನ್ನು ಸೀಳಿ ನೋಡಿದರೆ ಕಾರಣ ಒಂದಷ್ಟು ತಿಳಿಯುತ್ತೆ:

- ಗೋಡೆ ಸುತ್ತಲೂ ಕಪ್ಪು: ಗೋಡೆಯಿಂದ ಗಾಳಿ ಬಂದಿದೆ.
- ಒಂದೇ ಪಕ್ಕ ಬಣ್ಣ ಹೋಗಿದೆ: ಬಿಸಿಲು ಬಿದ್ದಿದೆ.
- ಬಾಯಿಯ ಹತ್ತಿರ ಕಪ್ಪು: ಮುಚ್ಚಳ ಸರಿಯಿಲ್ಲ ಅಥವಾ ತುಂಬುವಾಗ ಗಾಳಿ ಉಳಿದಿದೆ.
- ಬಾಲದ ಹತ್ತಿರ ಕಪ್ಪು ಅಥವಾ ಜಿಡ್ಡು: ಬೆಸುಗೆ ಬಿಟ್ಟಿದೆ.
- ಒಳಗೆಲ್ಲ ಒಂದೇ ಸಮ: ಗೊಜ್ಜಿನಲ್ಲೇ ತಪ್ಪು, ಹಳೇ ಎಣ್ಣೆ ಅಥವಾ ಸೆಕೆ.

ಟ್ಯೂಬನ್ನು ಬಾಲದ ಕಡೆಯಿಂದ ತುಂಬಿ ಶಾಖ ಕೊಟ್ಟು ಬೆಸೆಯುತ್ತಾರಲ್ಲ, ಆ ಜಾಗಕ್ಕೆ ಎಣ್ಣೆ ತಾಗಿದ್ದರೆ ಬೆಸುಗೆ ಕೂರುವುದಿಲ್ಲ. ಐದು ಪದರಕ್ಕೆ ಕೊಟ್ಟ ದುಡ್ಡು ಅಲ್ಲಿ ಸೋರಿ ಹೋಗುತ್ತೆ.

ನಾವು ಕಂಡುಕೊಂಡ ಹದ

ಗಿರಾಕಿಯ ಕಣ್ಣೂ ತುಂಬಬೇಕು, ಮಾಲೂ ಉಳಿಯಬೇಕು. ಈಗ ನಾವು ಐದು ಪದರದ ಟ್ಯೂಬನ್ನೇ ತರುತ್ತೇವೆ. ಸುತ್ತಲೂ ಗಾಢ ಬಣ್ಣದ ಮುದ್ರಣ, ಒಂದು ಪಕ್ಕದಲ್ಲಿ ಮಾತ್ರ ಬೆರಳಗಲದ ಕಾಣುವ ಪಟ್ಟಿ. ಅಂಗಡಿಗೆ ರಟ್ಟಿನ ಪೆಟ್ಟಿಗೆಯಲ್ಲೇ ಕೊಟ್ಟು, ನಾಲ್ಕೈದು ಮಾತ್ರ ಹೊರಗೆ ನಿಲ್ಲಿಸಿ ಅನ್ನುತ್ತೇವೆ. ಬಾಗಿಲಲ್ಲಿ ಬಿಸಿಲಿಗೆ ತೂಗು ಹಾಕುವ ಅಂಗಡಿಗೆ ಕೊಡುವುದಿಲ್ಲ. ಆರು ತಿಂಗಳು ಬರೆಯುವ ಆಸೆ ಬಿಟ್ಟು, ಪರೀಕ್ಷೆಯಲ್ಲಿ ನಿಂತದ್ದಕ್ಕಿಂತ ಕಡಿಮೆ ದಿನ ಬರೆಯುತ್ತೇವೆ.

ತೆರೆದ ಮೇಲಿನ ಮಾತು ಬೇರೆ. ಅಲ್ಯೂಮಿನಿಯಂ ಟ್ಯೂಬನ್ನು ಹಿಂಡಿದರೆ ಹಿಂಡಿದ ಹಾಗೇ ಚಪ್ಪಟೆಯಾಗಿ ಉಳಿಯುತ್ತೆ. ಪ್ಲಾಸ್ಟಿಕ್ ಟ್ಯೂಬು ಕೈ ಬಿಟ್ಟ ಕೂಡಲೇ ಉಬ್ಬಿ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಆಮೇಲೆ ಪದರ ಏನು ಮಾಡೀತು? ಅದಕ್ಕೇ ಸಣ್ಣ ಟ್ಯೂಬು ಮೇಲು. ತೆರೆದ ಮೇಲೆ ತಂಪಿನಲ್ಲಿಟ್ಟು ಬೇಗ ಮುಗಿಸಿ ಎಂದು ಮೇಲೆ ಬರೆಸಿದ್ದೇವೆ.

ಖರ್ಚಿನ ಲೆಕ್ಕ ನೋಡಿ. ಆಗ ನಮಗೆ ಮಾಲು, ಟ್ಯೂಬು ಸೇರಿ ಒಂದಕ್ಕೆ 42 ರೂಪಾಯಿ ಬಿದ್ದಿತ್ತು. 63 ಟ್ಯೂಬಿಗೆ 2,646 ರೂಪಾಯಿ ನಷ್ಟ. ಒಳ್ಳೆಯ ಟ್ಯೂಬಿಗೆ ನಾವು ಹೆಚ್ಚಿಗೆ ಕೊಟ್ಟದ್ದು ತಲಾ 4 ರೂಪಾಯಿ, 200ಕ್ಕೆ 800. ಅಂಗಡಿಯವರ ನಂಬಿಕೆ ಹೋದದ್ದನ್ನು ಇದರಲ್ಲಿ ಸೇರಿಸಿಲ್ಲ.

ಆದರೆ ನಿಮ್ಮ ಮಾಲಿಗೆ ಈ ಟ್ಯೂಬು ಬೇಕೇ ಬೇಕು ಅಂತಲ್ಲ. ವಾರದಲ್ಲಿ ಸಂತೆಯಲ್ಲಿ ಖರ್ಚಾಗುವ ಗೊಜ್ಜಿಗೆ ಸಾದಾ ಟ್ಯೂಬು ಸಾಕು. ಎಣ್ಣೆ, ಕೊಬ್ಬರಿ, ಕಡಲೆಕಾಯಿ, ಎಳ್ಳು ಜಾಸ್ತಿ ಇದ್ದು ತಿಂಗಳುಗಟ್ಟಲೆ ಇಡಬೇಕಾದರೆ ತಡೆ ಪದರ ಬೇಕು. ನೋಟಕ್ಕಿಂತ ಬಾಳಿಕೆ ಮುಖ್ಯ ಅನ್ನುವವರಿಗೆ ಅಲ್ಯೂಮಿನಿಯಂ ಪದರವೇ ಸರಿ.

ಒಂದು ಎಚ್ಚರಿಕೆ. ಗಾಳಿ ತಡೆದ ಮಾತ್ರಕ್ಕೆ ಆಹಾರ ಸುರಕ್ಷಿತ ಅಂತ ತಿಳಿಯಬೇಡಿ. ಗಾಳಿ ಇಲ್ಲದ ಕಡೆಯೇ ಬೆಳೆದು ವಿಷ ಮಾಡುವ ಸೂಕ್ಷ್ಮಜೀವಿಗಳಿವೆ. ಹುಣಸೆಗೆ ಹುಳಿ ಇದೆ, ಆ ಹುಳಿ ಕಾಯುತ್ತೆ. ಹುಳಿಯಿಲ್ಲದ ಹಸಿ ಬೆಳ್ಳುಳ್ಳಿ ಎಣ್ಣೆ, ಬೇಯಿಸಿದ ಕಾಳು, ತರಕಾರಿ ಪಲ್ಯ ಇಂಥವನ್ನು ಮನೆಯಲ್ಲಿ ಟ್ಯೂಬಿಗೆ ತುಂಬಿ ಹೊರಗಿಟ್ಟು ಮಾರಬೇಡಿ. ನಂದಿನಿ ಗುಡ್‌ಲೈಫ್ ಹಾಲು ತಂಪಿಲ್ಲದೆ ಬಹಳ ದಿನ ಇರುವುದು ಬರೀ ಪ್ಯಾಕೆಟ್ಟಿನಿಂದಲ್ಲ, ಮೊದಲು ಬಹಳ ಜಾಸ್ತಿ ಶಾಖದಲ್ಲಿ ಕಾಯಿಸಿರುತ್ತಾರೆ. ಮೈಸೂರಿನಲ್ಲಿ 1950ರಿಂದ ಸಿ.ಎಫ್.ಟಿ.ಆರ್.ಐ. ಇದೆ. ಆಹಾರದ ಪ್ಯಾಕಿಂಗಿಗೇ ಅಲ್ಲಿ ಪ್ರತ್ಯೇಕ ವಿಭಾಗ ಉಂಟು. ದೊಡ್ಡದಾಗಿ ಮಾಡುವವರು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಖಾಲಿ ಟ್ಯೂಬನ್ನು ಹೊಲದಲ್ಲಿ ಸುಡಬೇಡಿ. ಪದರಗಳು ಬೇರೆ ಬೇರೆಯಾದ್ದರಿಂದ ಕರಗಿಸಿ ಮತ್ತೆ ಬಳಸುವುದೂ ಕಷ್ಟ. ಕಾಯುವ ಟ್ಯೂಬಿಗೆ ಇದೊಂದು ಕೆಟ್ಟ ಗುಣ ಅಂತ ಒಪ್ಪಲೇಬೇಕು.

ಟ್ಯೂಬ್ ಕೊಳ್ಳುವಾಗ ಮಾರುವವರನ್ನು ನಾಲ್ಕು ಮಾತು ಕೇಳಿ: ಎಷ್ಟು ಪದರ? ಗಾಳಿ ತಡೆಯುವ ಪದರ ಯಾವುದು? ಆಹಾರಕ್ಕೆ ಬಳಸಬಹುದು ಎನ್ನುವ ಪತ್ರ ಇದೆಯೇ? ಪರೀಕ್ಷೆಗೆ ಮೂವತ್ತು ಟ್ಯೂಬ್ ಕೊಡುತ್ತೀರಾ? ನನಗೆ ಮೊದಲು ಕೊಟ್ಟವರು "ಕನ್ನಡಿ ಹಂಗಿದೆ, ಫಸ್ಟ್ ಕ್ಲಾಸು" ಅಂದಿದ್ದರು. ಕನ್ನಡಿ ಹಾಗಿದ್ದದ್ದು ನಿಜ. ನಾನು ಕೇಳಬೇಕಾದದ್ದನ್ನು ಕೇಳಲಿಲ್ಲ, ಅಷ್ಟೇ.

ಬೇರೆ ಮಾಲು ತುಂಬಿ ನೋಡಿದ ರೈತರಿದ್ದರೆ ತಮ್ಮ ಲೆಕ್ಕ, ತಮ್ಮ ನಷ್ಟ ಎರಡನ್ನೂ ಬರೆಯಲಿ. ನಷ್ಟದ ಲೆಕ್ಕವೇ ನಮಗೆ ಹೆಚ್ಚು ಉಪಯೋಗ.