ಮದುವೆಯ ಮಾತುಕತೆಯಲ್ಲಿ ಮುಚ್ಚಿಟ್ಟ ಮಾತ್ರೆ

ಮನೆತನ, ವಿದ್ಯೆ, ಉದ್ಯೋಗ, ಹೊಲಗದ್ದೆಗಳನ್ನೆಲ್ಲ ಕೂಲಂಕಷವಾಗಿ ವಿಚಾರಿಸಿ ಸಂಬಂಧ ಬೆಳೆಸುವ ನಾವು, ಆರೋಗ್ಯದ ಮಾತು ಬಂದೊಡನೆ ಮೌನ ತಾಳುತ್ತೇವೆ. ಅದರಲ್ಲಿಯೂ ಅಪಸ್ಮಾರ, ಎಂದರೆ ಮೂರ್ಛೆರೋಗದ ಹೆಸರೆತ್ತಲು ಹೆತ್ತವರಿಗೆ ಧೈರ್ಯ ಸಾಲದು. “ಮೊದಲು ಅಕ್ಷತೆ ಬೀಳಲಿ, ಆಮೇಲೆ ನೋಡಿದರಾಯಿತು” ಎಂಬುದೇ ಹಿರಿಯರ ಬುದ್ಧಿವಾದ.

ಇದರ ಫಲವೇನು? ಮದುವೆಯ ಸಡಗರದಲ್ಲಿ ನಿದ್ರೆ ಕೆಡುತ್ತದೆ. ನಿದ್ರಾಭಂಗವು ಸೆಳೆತವನ್ನು ಕೆರಳಿಸುವ ಮುಖ್ಯ ಕಾರಣಗಳಲ್ಲೊಂದು. ಅದೇ ದಿನಗಳಲ್ಲಿ, ಹೊಸ ಮನೆಯಲ್ಲಿ ಯಾರಾದರೂ ಕಂಡಾರೆಂಬ ಭಯದಿಂದ ಮಾತ್ರೆಯೂ ತಪ್ಪುತ್ತದೆ. ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ಒಂದರ ಮೇಲೊಂದು ಸೆಳೆತ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಗುಟ್ಟನ್ನು ಕಾಯಲು ಮಾಡಿದ ಉಪಾಯವೇ ಗುಟ್ಟನ್ನು ಬಯಲಿಗೆಳೆಯುತ್ತದೆ.

ವಧುವಿನ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ವಾಲ್ಪ್ರೊಯೇಟ್ ಎಂಬ ಔಷಧವು ಗರ್ಭಸ್ಥ ಶಿಶುವಿನ ಬೆನ್ನುಹುರಿ ಹಾಗೂ ಮಿದುಳಿನ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಆದುದರಿಂದ ಗರ್ಭ ಧರಿಸುವ ಮೊದಲೇ ವೈದ್ಯರೊಡನೆ ಔಷಧದ ಬದಲಾವಣೆಯನ್ನೂ ಫೋಲಿಕ್ ಆಮ್ಲದ ಸೇವನೆಯನ್ನೂ ಕುರಿತು ವಿಚಾರಿಸಬೇಕು. ಪತಿಗೆ ತಿಳಿಯದಂತೆ ಈ ಸಮಾಲೋಚನೆ ನಡೆಯುವುದೆಂತು? ಗರ್ಭ ನಿಂತ ಮೇಲೆ ಗಾಬರಿಯಿಂದ ತಾನಾಗಿಯೇ ಮಾತ್ರೆ ಬಿಡುವುದೂ ಅಪಾಯವೇ.

ಸರಿಯಾದ ಚಿಕಿತ್ಸೆಯಿಂದ 100ರಲ್ಲಿ ಸುಮಾರು 70 ಜನ ಸೆಳೆತವಿಲ್ಲದೆ ಬಾಳಬಲ್ಲರು. 1955ರ ಹಿಂದೂ ವಿವಾಹ ಕಾಯ್ದೆ (ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಅದು ಒಳಗೊಳ್ಳುತ್ತದೆ) ಒಮ್ಮೆ ಪದೇ ಪದೇ ಮರುಕಳಿಸುವ ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಎಣಿಸುತ್ತಿತ್ತು. 1999ರ ತಿದ್ದುಪಡಿಯು ಆ ಪದವನ್ನೇ ತೆಗೆದುಹಾಕಿತು. ಕಾನೂನು ಬಿಟ್ಟ ಅಂಜಿಕೆಯನ್ನು ನಾವೇಕೆ ಹಿಡಿದಿರಬೇಕು?

ಛಾಯಾಚಿತ್ರ ಕಳುಹಿಸುವಾಗಲೇ ಊರಿಗೆಲ್ಲ ಸಾರಬೇಕಾಗಿಲ್ಲ. ಇಬ್ಬರಿಗೂ ಮನಸ್ಸು ಬಂದ ಮೇಲೆ, ನಿಶ್ಚಿತಾರ್ಥಕ್ಕೆ ಮುನ್ನ, ವರನೂ ವಧುವೂ ಎದುರುಬದುರು ಕುಳಿತು ಹೇಳಿಕೊಳ್ಳುವುದು ಲೇಸು. ಮಧ್ಯಸ್ಥರ ಮೂಲಕ ಹೇಳಿಸಿದರೆ ಅರ್ಧ ಮಾತು ದಾರಿಯಲ್ಲಿಯೇ ಉಳಿಯುತ್ತದೆ. ವರನ ಕಡೆಯವರು ಮುಚ್ಚಿಡುವುದೇನೂ ಕಡಿಮೆಯಲ್ಲ, ಆದರೆ ಬಯಲಾದಾಗ ತವರಿಗೆ ಅಟ್ಟಿಸಿಕೊಳ್ಳುವವಳು ಮಾತ್ರ ಹೆಣ್ಣು.

ಮದುವೆಯ ನಂತರ ತಿಳಿದುಬಂದರೆ? ನೊಂದವರ ಸಿಟ್ಟು ನ್ಯಾಯವಾದದ್ದೇ. ಮರುದಿನವೇ ಕ್ಷಮಿಸಿಬಿಡೆಂದು ಒತ್ತಾಯಿಸುವುದು ಸಲ್ಲದು. ಆದರೆ ಮುಚ್ಚಿಟ್ಟವರು ಯಾರೆಂಬುದನ್ನು ಮೊದಲು ಕೇಳಬೇಕು. ಎಷ್ಟೋ ಸಲ ಬಾಯಿ ಕಟ್ಟಿಸಿದವರು ಹಿರಿಯರು, ಶಿಕ್ಷೆ ಅನುಭವಿಸುವವರು ಎಳೆಯರು. ತಪ್ಪು ನುಡಿದದ್ದರಲ್ಲಿದೆ, ರೋಗದಲ್ಲಿಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡಿದವರಿಗೆ ಕ್ಷಮೆ ಸಾಧ್ಯವಾಗುತ್ತದೆ. ಆ ಬಳಿಕ ಮಾತ್ರೆಯ ಡಬ್ಬಿ ಪೆಟ್ಟಿಗೆಯ ತಳದಲ್ಲಿರದೆ ಎಲ್ಲರಿಗೂ ಕಾಣುವಲ್ಲಿರಲಿ, ದಂಪತಿಗಳು ಜೊತೆಯಾಗಿ ನರರೋಗ ತಜ್ಞರನ್ನು ಕಾಣಲಿ. ಸೆಳೆತ ಬಂದಾಗ ಕೈಗೆ ಕಬ್ಬಿಣ ಕೊಡುವ ರೂಢಿಯಿಂದ ಉಪಯೋಗವಿಲ್ಲ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, 5 ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.