ಉಣ್ಣಲಾರದ ಮಗುವಿಗೆ ಆಸರೆಯ ಚಿಕಿತ್ಸೆ

ತುತ್ತು ನುಂಗುವುದು ನಮಗೆಲ್ಲ ಉಸಿರಾಟದಷ್ಟೇ ಸಹಜವೆಂದು ತೋರುತ್ತದೆ. ಆದರೆ ಒಂದು ತುತ್ತು ಬಾಯಿಯಿಂದ ಜಠರಕ್ಕೆ ಇಳಿಯಬೇಕಾದರೆ ತುಟಿಗಳು ಮುಚ್ಚಬೇಕು, ದವಡೆ ಸ್ಥಿರವಾಗಬೇಕು, ನಾಲಿಗೆ ಆಹಾರವನ್ನು ಒಟ್ಟುಗೂಡಿಸಿ ಹಿಂದಕ್ಕೆ ಸಾಗಿಸಬೇಕು. ಮೃದು ಅಂಗುಳವು ಮೂಗಿನ ದಾರಿಯನ್ನು ತಡೆಯಬೇಕು, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು, ಉಸಿರು ಕ್ಷಣಕಾಲ ನಿಲ್ಲಬೇಕು. ಇವೆಲ್ಲ ಕ್ರಮ ತಪ್ಪದೆ ನಡೆದಾಗ ಮಾತ್ರ ಅನ್ನವು ಅನ್ನನಾಳವನ್ನು ಸೇರುತ್ತದೆ. ಸೆರೆಬ್ರಲ್ ಪಾಲ್ಸಿ, ಸೀಳು ಅಂಗುಳ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿಯೂ, ಅವಧಿಗೆ ಮುನ್ನ ಜನಿಸಿದ ಶಿಶುಗಳಲ್ಲಿಯೂ ಈ ಕ್ರಮವು ಹಲವು ವೇಳೆ ಕೆಡುತ್ತದೆ. ಇಂತಹ ಮಗು ಉಣ್ಣದೆ ಮುಖ ತಿರುವಿದಾಗ ಮನೆಯವರು ಅದನ್ನು ಹಟವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಅಸಹಾಯಕತೆ.

ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರನ್ನು ನಾವು ಮೊದಲು ಕೇಳುವುದು, ಮಗು ಎಷ್ಟು ತಿನ್ನುತ್ತದೆ ಎಂದಲ್ಲ. ಹೇಗೆ ತಿನ್ನಿಸುತ್ತೀರಿ ಎಂದು. ಕಾಲು ನೀಡಿ ಕುಳಿತು, ಮಗುವನ್ನು ಅಂಗಾತ ಮಲಗಿಸಿ, ಕೈಗಳನ್ನು ಹಿಡಿದು, ಕೆಲವೊಮ್ಮೆ ಮೂಗನ್ನೂ ಒತ್ತಿ ಒಳಲೆಯಿಂದ ಗಂಜಿ ಸುರಿಯುವ ರೂಢಿ ಇನ್ನೂ ಅನೇಕ ಮನೆಗಳಲ್ಲಿದೆ. ಒಳಲೆಯ ತಪ್ಪು ಇಲ್ಲಿಲ್ಲ. ಚೀಪಲಾರದ ನವಜಾತ ಶಿಶುಗಳಿಗೆ ಆಸ್ಪತ್ರೆಗಳಲ್ಲಿಯೂ ಒಳಲೆಯಿಂದ ಹಾಲು ಕುಡಿಸುವುದುಂಟು. ಅಲ್ಲಿ ಶಿಶುವಿನ ತಲೆ ಎತ್ತರದಲ್ಲಿರುತ್ತದೆ, ಒಂದು ಗುಟುಕು ಇಳಿದ ಮೇಲಷ್ಟೇ ಮುಂದಿನದು. ಮಲಗಿಸಿ ಸುರಿದಾಗಲಾದರೋ ಮಗು ಬಾಯಿಯಿಂದಲೇ ಉಸಿರೆಳೆಯಬೇಕಾಗುತ್ತದೆ, ಉಸಿರಿನೊಡನೆ ಗಂಜಿಯೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಮತ್ತೆ ಮತ್ತೆ ಬರುವ ನ್ಯುಮೋನಿಯಾಕ್ಕೆ ಇದು ಒಂದು ಮುಖ್ಯ ಕಾರಣ. ಪ್ರೀತಿಯಿಂದ ತುರುಕಿದ ತುತ್ತೇ ಪ್ರಾಣಕ್ಕೆ ಎರವಾಗಬಲ್ಲದು.

ಈ ಕೆಳಗಿನ ಲಕ್ಷಣಗಳನ್ನು ಹೆತ್ತವರು ಗಮನಿಸಬೇಕು: ಉಣ್ಣುವಾಗ ಅಥವಾ ಕುಡಿಯುವಾಗ ಕೆಮ್ಮು, ಉಸಿರುಗಟ್ಟುವಿಕೆ, ಕಣ್ಣಲ್ಲಿ ನೀರು; ಉಂಡ ಮೇಲೆ ಗಂಟಲಿನಲ್ಲಿ ಗೊರಗೊರ ಶಬ್ದ; ಮೂಗಿನಿಂದ ಹಾಲು ಬರುವುದು; ಪ್ರತಿ ಊಟಕ್ಕೂ 30 ನಿಮಿಷಕ್ಕಿಂತ ಹೆಚ್ಚು ಸಮಯ ಹಿಡಿಯುವುದು; ತೂಕ ಏರದಿರುವುದು; ಪದೇ ಪದೇ ಕಫ, ಜ್ವರ. ಕೆಲವು ಮಕ್ಕಳಲ್ಲಿ ಆಹಾರವು ಶ್ವಾಸನಾಳಕ್ಕೆ ಹೋದರೂ ಕೆಮ್ಮೇ ಬಾರದು. ಆದುದರಿಂದ ಕೆಮ್ಮಿಲ್ಲವೆಂದು ನಿಶ್ಚಿಂತರಾಗಿರುವುದು ಸಲ್ಲದು.

ಆಸರೆಯ ಚಿಕಿತ್ಸೆ ಆರಂಭವಾಗುವುದು ಕೂರಿಸುವ ಬಗೆಯಿಂದ. ಮಗುವಿನ ಬೆನ್ನು ನೆಟ್ಟಗಿರಲಿ, ಸೊಂಟ ಮತ್ತು ಮೊಣಕಾಲುಗಳು ಮಡಿಸಿರಲಿ, ಪಾದಗಳಿಗೆ ನೆಲದ ಅಥವಾ ಮಣೆಯ ಆಧಾರವಿರಲಿ. ವಿಶೇಷ ಕುರ್ಚಿ ಇಲ್ಲದಿದ್ದರೆ ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ದಿಂಬುಗಳ ಒತ್ತಾಸೆಯೊಡನೆ ಕೂರಿಸಬಹುದು. ಗದ್ದವು ತುಸು ಎದೆಯ ಕಡೆಗೆ ಬಾಗಿರಬೇಕು. ಕತ್ತು ಹಿಂದಕ್ಕೆ ವಾಲಿದರೆ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ಉಣಿಸುವವರು ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲಿ ಕೂರಬೇಕು. ನಿಂತು ಉಣಿಸಿದರೆ ಮಗು ತಾನಾಗಿಯೇ ತಲೆಯನ್ನು ಮೇಲಕ್ಕೆತ್ತುತ್ತದೆ. ಉಂಡ ಮೇಲೆಯೂ ಅರ್ಧ ಗಂಟೆ ಕೂಡಿಸಿಯೇ ಇರಬೇಕು.

ಎರಡನೆಯದು ಆಹಾರದ ಹದ. ತೆಳುವಾದ ನೀರು ಸುಲಭವೆಂದು ನಾವು ಭಾವಿಸುತ್ತೇವೆ. ನುಂಗುವಿಕೆ ನಿಧಾನವಾಗಿರುವ ಮಗುವಿಗೆ ಬೇಗನೆ ಹರಿದುಹೋಗುವ ನೀರೇ ಹಲವು ವೇಳೆ ಹೆಚ್ಚು ಕಷ್ಟ. ನಯವಾದ, ಗಂಟಿಲ್ಲದ ರಾಗಿ ಅಂಬಲಿ ಅಥವಾ ಚೆನ್ನಾಗಿ ಮಸೆದ ಬೇಳೆ-ಅನ್ನವು ನಾಲಿಗೆಯ ಹಿಡಿತಕ್ಕೆ ಸಿಗುತ್ತದೆ. ತಿಳಿಸಾರಿನಲ್ಲಿ ತೇಲುವ ಅಗುಳಿನಂತೆ ದ್ರವವೂ ಗಟ್ಟಿಯೂ ಬೆರೆತ ಆಹಾರ ಬೇಡ. ಮಂಡಕ್ಕಿ, ಕಡಲೆಬೀಜ, ಕೊಬ್ಬರಿ ಚೂರು ಸರ್ವಥಾ ಕೂಡದು. ಜಾತ್ರೆ, ಮದುವೆಗಳಲ್ಲಿ ಬಂಧುಗಳು ಅಕ್ಕರೆಯಿಂದ ಬಾಯಿಗಿಡುವುದನ್ನು ವಿನಯದಿಂದಲೇ ತಡೆಯಬೇಕು. ಇನ್ನು, ಕಡಿಮೆ ತಿನ್ನುವ ಮಗುವಿಗೆ ಪ್ರತಿ ಚಮಚದಲ್ಲಿಯೂ ಹೆಚ್ಚು ಸತ್ತ್ವವಿರಬೇಕು. ಮೊಳಕೆ ಕಟ್ಟಿ ಬೀಸಿದ ರಾಗಿಹಿಟ್ಟಿನ ಗಂಜಿ ಬೇಗ ಗಟ್ಟಿಯಾಗದ ಕಾರಣ, ಅದೇ ಹದದಲ್ಲಿ ಹೆಚ್ಚು ಹಿಟ್ಟನ್ನು ಸೇರಿಸಲಾಗುತ್ತದೆ. ಒಂದು ಚಹಾ ಚಮಚ ತುಪ್ಪ ಬೆರೆಸಿದರೆ ಸುಮಾರು 45 ಕ್ಯಾಲೊರಿ ಕೂಡುತ್ತದೆ. ಆರು ತಿಂಗಳೊಳಗಿನ ಶಿಶುವಿನ ಹಾಲಿಗೆ ಮಾತ್ರ ವೈದ್ಯರ ಸೂಚನೆಯಿಲ್ಲದೆ ಏನನ್ನೂ ಬೆರೆಸಬಾರದು.

ಮೂರನೆಯದು ಉಣಿಸುವ ಗತಿ. ಚಿಕ್ಕ, ಚಪ್ಪಟೆ ಚಮಚದಲ್ಲಿ ಅರ್ಧ ಚಮಚದಷ್ಟು ಆಹಾರವನ್ನು ನಾಲಿಗೆಯ ಮಧ್ಯಭಾಗದ ಮೇಲಿಟ್ಟು ಮೃದುವಾಗಿ ಒತ್ತಬೇಕು. ಮಗು ತುಟಿ ಮುಚ್ಚುವವರೆಗೆ ಕಾದು ಚಮಚವನ್ನು ನೇರವಾಗಿ ಹೊರತೆಗೆಯಬೇಕು. ಮೇಲಿನ ಹಲ್ಲಿಗೆ ತೀಡಿ ಸುರಿಯಬಾರದು. ಒಂದು ತುತ್ತು ಇಳಿದುದನ್ನು ಕಂಡ ಮೇಲೆ ಮತ್ತೊಂದು. ದಿನಕ್ಕೆ ಮೂರು ದೀರ್ಘ ಊಟಗಳಿಗಿಂತ ಐದಾರು ಸಣ್ಣ ಊಟಗಳು ಲೇಸು. ಅಳುತ್ತಿರುವಾಗ, ನಿದ್ದೆಗಣ್ಣಿನಲ್ಲಿರುವಾಗ ಉಣಿಸಲೇಬಾರದು. ಬಲವಂತಕ್ಕೆ ಅಂಜಿ ಚಮಚ ಕಂಡೊಡನೆ ಅಳುವ ಮಗುವಿಗೆ ಕೆಲದಿನ ಆಹಾರವನ್ನು ಮುಟ್ಟಲು, ಮೂಸಲು, ಬೆರಳಿನಿಂದ ನೆಕ್ಕಲು ಬಿಡಬೇಕು. ಹೊಸ ರುಚಿಯೊಂದನ್ನು ಮಗು ಒಪ್ಪಲು ಹತ್ತಾರು ಬಾರಿ ಪರಿಚಯಿಸಬೇಕಾಗಬಹುದು.

ಆಯುರ್ವೇದದಲ್ಲಿ ಬಾಲಚಿಕಿತ್ಸೆಗೆ ಕೌಮಾರಭೃತ್ಯವೆಂಬ ಪ್ರತ್ಯೇಕ ಅಂಗವೇ ಇದೆ. ವರ್ಷ ತುಂಬಿದರೂ ನಡೆಯಲಾರದ ಮಗುವಿನ ಸ್ಥಿತಿಯನ್ನು ಕಾಶ್ಯಪಸಂಹಿತೆ ಫಕ್ಕರೋಗವೆಂದು ಕರೆದು, ಔಷಧಿಯ ಜೊತೆಗೆ ಮೂರು ಚಕ್ರದ ಗಾಡಿಯ ಆಸರೆಯಿಂದ ನಡಿಗೆಯ ಅಭ್ಯಾಸವನ್ನೂ ವಿಧಿಸಿದೆ. ಔಷಧಿಯೊಡನೆ ಅಭ್ಯಾಸವೂ ಚಿಕಿತ್ಸೆಯೆಂಬ ಈ ತತ್ತ್ವವನ್ನೇ ನಾವು ಉಣಿಸುವಿಕೆಗೂ ಅನ್ವಯಿಸಬೇಕು. ಊಟಕ್ಕೆ ಒಂದೆರಡು ಗಂಟೆ ಮೊದಲು ಮಾಡುವ ಹಗುರವಾದ ಅಭ್ಯಂಗವು ಬಿಗಿದ ಮೈಯನ್ನು ಸಡಿಲಿಸಲು ನೆರವಾಗಬಹುದು. ಅದು ನುಂಗುವುದನ್ನು ಕಲಿಸುವುದಿಲ್ಲ. ಮೂಗಿಗೆ, ಬಾಯಿಗೆ ಎಣ್ಣೆ ಸುರಿಯುವುದು ಅಪಾಯಕರ, ಶ್ವಾಸಕೋಶ ಸೇರಿದ ಎಣ್ಣೆ ಸುಲಭವಾಗಿ ಹೊರಬಾರದು. ಏಳು ವರ್ಷ ತುಂಬದವರಿಗೆ ನಸ್ಯಕರ್ಮ ಸಲ್ಲದೆಂದು ವಾಗ್ಭಟನೇ ಹೇಳಿದ್ದಾನೆ. ವರ್ಷದೊಳಗಿನ ಶಿಶುವಿಗೆ ಜೇನುತುಪ್ಪವೂ ಬೇಡ. ಅದರಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಸಂಭವವಿದೆ.

ಮೇಲಿನ ಲಕ್ಷಣಗಳು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಮಕ್ಕಳ ತಜ್ಞರನ್ನು ಕಾಣಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಅಂಗನವಾಡಿಯಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತೊಂದರೆಗಷ್ಟೇ ಅಲ್ಲದೆ ನುಂಗುವ ತೊಂದರೆಗೂ ತಜ್ಞರ ಸೇವೆ ದೊರೆಯುತ್ತದೆ. ಬಾಯಿಯಿಂದ ಉಣಿಸುವುದು ಸುರಕ್ಷಿತವಲ್ಲದಾಗ ವೈದ್ಯರು ನಳಿಕೆಯ ಮೂಲಕ ಆಹಾರ ಕೊಡಲು ಹೇಳಬಹುದು. ಅದನ್ನು ತಾಯಿಯ ಸೋಲೆಂದು ಯಾರೂ ಎಣಿಸಬಾರದು. ಶ್ವಾಸಕೋಶವನ್ನು ಕಾಪಾಡಿ, ಮಗು ಬಲಗೊಳ್ಳಲು ಕಾಲಾವಕಾಶ ಒದಗಿಸುವ ಉಪಾಯವದು.

ಕೊನೆಯದಾಗಿ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಇಂತಹ ಮಗುವಿನ ತಾಯಿಗೆ ದಿನದ ಹಲವು ಗಂಟೆಗಳು ಉಣಿಸುವುದರಲ್ಲಿಯೇ ಕಳೆಯುತ್ತವೆ. ಮಗು ಸೊರಗಿದೆಯೆಂದು ಆಕೆಯನ್ನು ದೂರುವ ಬದಲು ಈ ಕ್ರಮವನ್ನು ತಂದೆ, ಅಜ್ಜ, ಅಜ್ಜಿಯರೂ ಕಲಿತು ದಿನಕ್ಕೊಂದು ಊಟದ ಹೊಣೆಯನ್ನು ತಾವು ವಹಿಸಿಕೊಳ್ಳಲಿ. ಆಕೆಯೂ ಆ ಹೊತ್ತಿನಲ್ಲಿ ಕುಳಿತು ಸಮಾಧಾನದಿಂದ ಊಟ ಮಾಡಲಿ.