ದಾರಿಯ ಅಳತೆ, ವೇಳೆಯ ಅಳತೆ

ದೂರವನ್ನು ಹೇಳುವುದಕ್ಕೆ ನಮ್ಮ ಹಿರಿಯರಲ್ಲಿ ಹರದಾರಿ, ಗಾವುದ ಎಂಬ ಮಾತುಗಳಿದ್ದವು. ಹರದಾರಿಯೆಂದರೆ ಸುಮಾರು ಮೂರು ಮೈಲು. ನಡೆವವನಿಗೆ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ದೂರವನ್ನು ಅರಿತವನಿಗೆ ವೇಳೆಯೂ ತಾನಾಗಿ ತಿಳಿಯುತ್ತಿತ್ತು. ವಿಮಾನಯಾನದಲ್ಲಿ ಹಾಗಲ್ಲ, ಅಲ್ಲಿ ದಾರಿಯ ಲೆಕ್ಕವೇ ಬೇರೆ, ವೇಳೆಯ ಲೆಕ್ಕವೇ ಬೇರೆ. ಹಳ್ಳಿಯ ಮಕ್ಕಳೂ ಉದ್ಯೋಗಕ್ಕಾಗಿ ಕಡಲಾಚೆಗೆ ತೆರಳುವ ಈ ಕಾಲದಲ್ಲಿ, ತಂಬೂರದಂತಹ ಊರಿನ ವಿದ್ಯಾರ್ಥಿಗೂ ಈ ಭೇದವು ತಿಳಿದಿರಬೇಕು.

ಒಂದು ಉದಾಹರಣೆಯನ್ನು ನೋಡೋಣ. 2021ರ ಜನವರಿ 9, ಶನಿವಾರ ರಾತ್ರಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ನಡುವೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವ ಪ್ರದೇಶದ ಮೇಲೆ ಹಾದು, 11ರ ಸೋಮವಾರ ಬೆಳಗಿನ ಜಾವ ಬೆಂಗಳೂರನ್ನು ಸೇರಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ವೈಮಾನಿಕರೆಲ್ಲರೂ ಮಹಿಳೆಯರು. ದಾರಿ ಸುಮಾರು 14,000 ಕಿಲೋಮೀಟರು. ಹಿಡಿದ ಕಾಲ ಸುಮಾರು 17 ಗಂಟೆ. ಇಲ್ಲಿ ಮೂರು ಸಂದೇಹಗಳು ಏಳುತ್ತವೆ.

ಮೊದಲನೆಯದು: ಧ್ರುವದ ದಾರಿಯೇಕೆ? ಗೋಡೆಯ ನಕಾಶೆಯಲ್ಲಿ ಅದು ಸುತ್ತುದಾರಿಯಂತೆ ತೋರುತ್ತದೆ. ಆದರೆ ಭೂಮಿಯು ಗುಂಡಗಿದೆ. ಭೂಗೋಳದ ಮೇಲೆ ಈ ಎರಡು ನಗರಗಳಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ತಾನಾಗಿಯೇ ಉತ್ತರ ಧ್ರುವದ ಕಡೆಗೆ ಸರಿಯುತ್ತದೆ. ಅದೇ ಅತ್ಯಂತ ಹತ್ತಿರದ ದಾರಿ. ಆ ದಾರವು ಭೂವೃತ್ತದ 360 ಅಂಶಗಳಲ್ಲಿ ಸುಮಾರು 126 ಅಂಶಗಳಷ್ಟಾಗುತ್ತದೆ. ಒಂದು ಅಂಶಕ್ಕೆ 111 ಕಿಲೋಮೀಟರಿನಂತೆ ಗುಣಿಸಿದರೆ 13,986 ಬರುತ್ತದೆ. ಹೀಗೆ ಲೆಕ್ಕವು ತಾಳೆಯಾಗುತ್ತದೆ.

ಎರಡನೆಯದು: ಶನಿವಾರ ಹೊರಟವರು ಸೋಮವಾರ ಮುಟ್ಟಿದರೆ ಹದಿನೇಳೇ ಗಂಟೆ ಹೇಗಾದೀತು? ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅಲ್ಲಿಯ ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿ ಶನಿವಾರ ರಾತ್ರಿ 8-30 ಆದಾಗ ಇಲ್ಲಿ ಭಾನುವಾರ ಬೆಳಿಗ್ಗೆ 10 ಗಂಟೆ. ಅದಕ್ಕೆ 17 ಗಂಟೆ ಕೂಡಿಸಿದರೆ ಸೋಮವಾರ ಬೆಳಗಿನ ಜಾವ 3 ಗಂಟೆ. ಈ ಲೆಕ್ಕವನ್ನರಿಯದ ತಾಯಿತಂದೆಗಳು, ಮಗಳು ಇನ್ನೂ ಮುಟ್ಟಲಿಲ್ಲವೆಂದು ಒಂದು ಹಗಲೆಲ್ಲ ವೃಥಾ ಕಳವಳಪಡುವುದುಂಟು.

ಮೂರನೆಯದು: ಹತ್ತಿರದ ದಾರಿಯೇ ಬೇಗ ಮುಟ್ಟಿಸುವುದೇ? ಯಾವಾಗಲೂ ಅಲ್ಲ. 2016ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೋ ವಿಮಾನವು ಅಟ್ಲಾಂಟಿಕ್ ಮಾರ್ಗವನ್ನು ಬಿಟ್ಟು ಶಾಂತಸಾಗರದ ಮೇಲೆ ಹಾರಿತು. ದಾರಿ ಸುಮಾರು 1,400 ಕಿಲೋಮೀಟರು ಹೆಚ್ಚಾಗಿ 15,300ಕ್ಕೆ ಏರಿತು. ಆದರೂ ಹದಿನಾಲ್ಕೂವರೆ ಗಂಟೆಗಳಲ್ಲಿ, ಮೊದಲಿಗಿಂತ ಬೇಗನೆ ಮುಟ್ಟಿತು. ಮೇಲಣ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿಯು ಬೆನ್ನಿಗಿದ್ದುದೇ ಅದಕ್ಕೆ ಕಾರಣ. ಇಂಧನವೂ ಉಳಿಯಿತು.

ಆದುದರಿಂದ ದೂರವನ್ನು ಭೂಗೋಳದಿಂದಲೂ, ಹಾರುವ ಕಾಲವನ್ನು ಗಾಳಿಯಿಂದಲೂ, ಮುಟ್ಟುವ ವೇಳೆಯನ್ನು ಆಯಾ ದೇಶದ ಗಡಿಯಾರದಿಂದಲೂ ತಿಳಿಯಬೇಕು. ಇದನ್ನು ಕಲಿಸಲು ಉಪಾಧ್ಯಾಯರಿಗೆ ಬೇಕಾದುದು ಒಂದು ಭೂಗೋಳ ಮತ್ತು ಒಂದು ಮೊಳ ದಾರ. ಪ್ರತಿ ತರಗತಿಗೂ ಒಂದೊಂದು ಭೂಗೋಳವನ್ನು ಒದಗಿಸುವುದು ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಭಾರವಾಗಲಾರದು.